ಪೆಟ್ರೋಲ್ ಕಾರೋ, ಡೀಸೆಲ್ ಕಾರೋ? ಸಾಲದ ಅರ್ಜಿ ಬರೆಯುವ ಮುನ್ನ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಸಾಲ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಸಹಕಾರ ತತ್ತ್ವದ ಬಗ್ಗೆ, ನಮ್ಮ ಸಂಘ ಬೆಳೆದು ಬಂದ ದಾರಿಯ ಬಗ್ಗೆ ಬೆಳಿಗ್ಗೆಯಿಂದ ಬಲ್ಲವರು ಮಾತಾಡಿದ್ದಾರೆ. ನಮಗೆ ವಹಿಸಿರುವುದು ಅಷ್ಟು ದೊಡ್ಡ ವಿಷಯವಲ್ಲ. ಸಾಲ ಉಪಸಮಿತಿಯವರಾದ ನಮ್ಮನ್ನು ಕೌಂಟರಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಸಹ ಸದಸ್ಯರು ತಡೆದು ಕೇಳುವ ಪ್ರಶ್ನೆ ಒಂದೇ. "ಒಂದು ಕಾರು ತಗೊಳ್ಳೋಣ ಅಂತಿದ್ದೀವಿ, ಪೆಟ್ರೋಲ್ ಒಳ್ಳೇದೋ ಡೀಸೆಲ್ ಒಳ್ಳೇದೋ?" ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದು ಕಷ್ಟ. ಆದ್ದರಿಂದ ಇವತ್ತು ಕೂತು ಹೇಳುತ್ತೇವೆ.

ಕಾರು ಯಾವುದು ತಗೊಂಡರೆ ಸಂಘಕ್ಕೇನು, ಕಂತು ಕಟ್ಟಿದರೆ ಆಯ್ತಲ್ಲ ಎಂದು ಕೆಲವರಿಗೆ ಅನಿಸಬಹುದು. ಸಂಘ ಶುರುವಾದ ಕಾಲದಲ್ಲಿ ನಮ್ಮ ಕಡೆ ಬಾಡಿಗೆ ಜೀಪುಗಳನ್ನು ಬಿಟ್ಟರೆ ಸ್ವಂತ ಗಾಡಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಈಗ ತೋಟದ ಅಂಚಿನ ಮನೆಯಲ್ಲೂ ಶೀಟು ಹೊದೆಸಿದ ಒಂದು ಶೆಡ್ಡು, ಅದರೊಳಗೊಂದು ಕಾರು. ಅದರಲ್ಲಿ ತಪ್ಪೇನೂ ಇಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಿರಿಯರಿಗೆ ಎದೆನೋವು ಬಂದರೆ, ಮಳೆಗಾಲದಲ್ಲಿ ಬಸ್ಸು ನಿಂತರೆ ಕಾರು ಬೇಕೇ ಬೇಕು. ಆದರೆ ಆ ಕಾರಿಗೆ ನಾವು ಕೊಡುವ ಹಣ ಯಾರದ್ದು? ಅಡಿಕೆ ಸುಲಿದು ಕೂಡಿಟ್ಟ ಅಜ್ಜಿಯ ಠೇವಣಿ ಅದು. ಹಾಲು ಹಾಕಿ ಉಳಿಸಿದವರ ಪಿಗ್ಮಿ ಹಣ ಅದು. ಕಾರಿನ ಇಂಜಿನ್ ಆರಿಸುವಾಗ ಆದ ಎಡವಟ್ಟು ಐದು ವರ್ಷದ ಕಂತಿನಲ್ಲಿ ಸೇರಿಕೊಂಡು, ಒಂದು ದಿನ ಸುಸ್ತಿ ಪಟ್ಟಿಯಲ್ಲಿ ಮೇಲೇಳುತ್ತದೆ. ಅದನ್ನು ನಾವು ನೋಡಿದ್ದೇವೆ, ಮುಂದೆ ಹೇಳುತ್ತೇವೆ.

ಪೆಟ್ರೋಲೋ ಡೀಸೆಲೋ ಎಂದು ಕೇಳಿದವರಿಗೆ ನಾವು ತಿರುಗಿ ಕೇಳುವುದು ಒಂದೇ ಮಾತು: "ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ?" ತುಂಬಾ ಜನಕ್ಕೆ ಇದರಿಂದ ಬೇಜಾರಾಗುತ್ತದೆ. "ಶೋರೂಮಿನಲ್ಲಿ ಯಾವ ಬಣ್ಣ ಬೇಕು ಅಂತ ಕೇಳ್ತಾರೆ, ನೀವು ಕಿಲೋಮೀಟರ್ ಕೇಳ್ತೀರಲ್ಲ ಮಾರಾಯ್ರೆ" ಎಂದು ಒಬ್ಬರು ಹೇಳಿಯೂ ಬಿಟ್ಟರು. ಹೆಚ್ಚಿನವರಿಗೆ ತಾವೆಷ್ಟು ಓಡಿಸುತ್ತೇವೆ ಎಂಬ ಅಂದಾಜೇ ಇರುವುದಿಲ್ಲ. ದೂರದ ಪ್ರಯಾಣ ನೆನಪಿನಲ್ಲಿ ಉಳಿಯುತ್ತದೆ, ದಿನಾ ಪೇಟೆಗೆ ಹೋಗಿ ಬಂದದ್ದು ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋದದ್ದನ್ನೇ ಹಿಡಿದುಕೊಂಡು "ನಮ್ಮದು ಲಾಂಗ್ ಓಡಾಟ ಜಾಸ್ತಿ" ಅನ್ನುವವರೂ ಇದ್ದಾರೆ.

ಡೀಸೆಲ್ ಗಾಡಿಯೇ ಅಗ್ಗ ಎಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸುಮ್ಮನೆ ಬಂದದ್ದಲ್ಲ, ಒಂದು ಕಾಲಕ್ಕೆ ನಿಜವೇ ಆಗಿತ್ತು. ಡೀಸೆಲ್ ಎಂದರೆ ಬಸ್ಸು, ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳ ಎಣ್ಣೆ. ಅದರ ದರ ಏರಿದರೆ ಅಕ್ಕಿ ಬೇಳೆ ದರವೂ ಏರುತ್ತದೆಂದು ಸರ್ಕಾರ ತಾನೇ ನಷ್ಟ ಹೊತ್ತು ಅದನ್ನು ಕೆಳಗೆ ಹಿಡಿದಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರದ ಹಿಡಿತ ಬಿಟ್ಟರೂ ಡೀಸೆಲ್ಲಿನದು ಬಿಡಲಿಲ್ಲ. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂ. ದಾಟಿದಾಗ ಡೀಸೆಲ್ 41 ರೂ. ಆಸುಪಾಸಿನಲ್ಲಿತ್ತು. ಲೀಟರಿಗೆ 30 ರೂ.ಗಿಂತ ಹೆಚ್ಚು ಅಂತರ! ಲಾರಿಗೂ ಟ್ರ್ಯಾಕ್ಟರಿಗೂ ಕೊಟ್ಟ ಸಹಾಯ ಕಾರಿನವರ ಟ್ಯಾಂಕಿಗೂ ಹೋಗುತ್ತಿದೆ, ಡೀಸೆಲ್ ಕಾರಿಗೆ ಬೇರೆ ತೆರಿಗೆ ಹಾಕಿ ಎಂದು ಕಿರೀಟ್ ಪಾರಿಖ್ ಸಮಿತಿ 2010ರಲ್ಲೇ ಹೇಳಿತ್ತು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂದಾಗ, 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂದಾಗ ಜನ ಮುಗಿಬಿದ್ದದ್ದು ಇದೇ ಲೆಕ್ಕದ ಮೇಲೆ. ಆಗ ಡೀಸೆಲ್ ಕೊಂಡವರು ಜಾಣರೇ.

ಆಮೇಲೆ ಆದದ್ದನ್ನು ನಮ್ಮಲ್ಲಿ ಹಲವರು ಗಮನಿಸಿಲ್ಲ. 2013ರ ಜನವರಿಯಿಂದ ಡೀಸೆಲ್ ದರವನ್ನು ತಿಂಗಳಿಗಿಷ್ಟು ಪೈಸೆ ಎಂದು ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಹಿಡಿತವನ್ನು ಪೂರ್ತಿ ಬಿಟ್ಟರು. 2017ರ ಜೂನ್‌ನಿಂದ ಎರಡಕ್ಕೂ ದಿನಕ್ಕೊಂದು ದರ ಎಂಬ ಪದ್ಧತಿ ಬಂತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ಲೇ ಪೆಟ್ರೋಲಿಗಿಂತ ದುಬಾರಿಯಾಯಿತು. ನಂಬದಿದ್ದವರು ಆಗಿನ ಪತ್ರಿಕೆ ತೆಗೆದು ನೋಡಬಹುದು. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಎರಡರ ಮೇಲೂ ಮಾರಾಟ ತೆರಿಗೆ ಏರಿತು, 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲೆ ಮತ್ತೊಮ್ಮೆ ಏರಿತು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ದರ ಪೆಟ್ರೋಲಿಗೆ ಸುಮಾರು 103, ಡೀಸೆಲಿಗೆ ಸುಮಾರು 91. ಅಂದರೆ 30 ರೂ. ಮೀರಿದ್ದ ಅಂತರ 12 ರೂಪಾಯಿಗೆ ಬಂದು ನಿಂತಿತು. ನಾಳೆ ಅದು 8 ಆಗಬಹುದು, 15 ಆಗಬಹುದು. ಅದು ಕೇಂದ್ರದ ಅಬಕಾರಿ ಸುಂಕ, ರಾಜ್ಯದ ತೆರಿಗೆ ಇವುಗಳ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ನಮ್ಮ ಸಾಲ ಐದು ವರ್ಷದ್ದು, ಕಾರಿನ ನೋಂದಣಿ 15 ವರ್ಷದ್ದು. ಅಷ್ಟು ಕಾಲ ಈ ಅಂತರ ಹೀಗೇ ಇರುತ್ತದೆ ಅಂತ ಯಾರೂ ಕರಾರುಪತ್ರ ಬರೆದುಕೊಟ್ಟಿಲ್ಲ.

ಇನ್ನು ಇಂಜಿನ್ನಿನ ವಿಚಾರ. ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೆ ಸ್ಪಾರ್ಕ್ ಪ್ಲಗ್ ಎಲ್ಲಿದೆ ಹೇಳಿ ನೋಡೋಣ? ಇಲ್ಲ. ಕಳೆ ಹೊಡೆಯುವ ಮೆಷಿನ್ನಿಗೆ ಇದೆ, ಅದು ಪೆಟ್ರೋಲಿನದು. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಪೆಟ್ರೋಲ್ ಎರಡೂ ಬೆರೆತದ್ದಕ್ಕೆ ಕಿಡಿ ಹಾರಿಸಿ ಉರಿಸುತ್ತಾರೆ. ಡೀಸೆಲ್ಲಿನಲ್ಲಿ ಬರೀ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಕಾದ ಗಾಳಿಗೆ ಎಣ್ಣೆ ಚಿಮ್ಮಿಸಿದರೆ ಅದು ತಾನಾಗಿ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಪಂಪು ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೇ, ಅದೇ ತತ್ತ್ವ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1897ರಲ್ಲಿ ಇದನ್ನು ಓಡಿಸಿ ತೋರಿಸಿದ. ಎಣ್ಣೆಗೆ ಬಂದ ಹೆಸರೂ ಅವನದೇ. ಅಷ್ಟು ಒತ್ತಡ ತಡೆಯಬೇಕಾದ್ದರಿಂದ ಡೀಸೆಲ್ ಇಂಜಿನ್ ದಪ್ಪ, ಭಾರ, ಮತ್ತು ದುಬಾರಿ. ಒಂದು ಲೀಟರ್ ಡೀಸೆಲ್ಲಿನಲ್ಲಿ ಶಕ್ತಿಯೂ ಪೆಟ್ರೋಲಿಗಿಂತ ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚು. ಒತ್ತಡ ಹೆಚ್ಚಿದ್ದರಿಂದ ಆ ಶಕ್ತಿ ವ್ಯರ್ಥವಾಗುವುದೂ ಕಡಿಮೆ. ಹಾಗಾಗಿ ಮೈಲೇಜು ಜಾಸ್ತಿ, ನಿಧಾನದಲ್ಲೂ ಎಳೆಯುವ ಬಲ ಜಾಸ್ತಿ. ಇದನ್ನು ಇಲ್ಲ ಎಂದವರು ಯಾರೂ ಇಲ್ಲ.

ಪ್ರಶ್ನೆ ಇರುವುದು ಆ ಮೈಲೇಜಿನ ಲಾಭ ನಮಗೆ ದಕ್ಕುತ್ತದೆಯೇ ಎಂಬಲ್ಲಿ. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಒಂದೇ ಮಾದರಿಯ ಕಾರು, ಪೆಟ್ರೋಲಿನದು 8.50 ಲಕ್ಷ, ಡೀಸೆಲ್ಲಿನದು 9.75 ಲಕ್ಷ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 1.25 ಲಕ್ಷ. ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ಗಾಡಿಯ ಬೆಲೆಯ ಮೇಲೆ. 5 ಲಕ್ಷ ಮೀರಿ 10 ಲಕ್ಷದವರೆಗೆ ನೂರಕ್ಕೆ 14, ಆ ತೆರಿಗೆಯ ಮೇಲೆ ಮತ್ತೆ ನೂರಕ್ಕೆ 11 ಸೆಸ್ಸು. ಅಂದರೆ ಆ 1.25 ಲಕ್ಷಕ್ಕೂ ಹತ್ತೊಂಬತ್ತು ಸಾವಿರದ ಮೇಲೆ ತೆರಿಗೆ. ಒಟ್ಟು 1.45 ಲಕ್ಷ ಎನ್ನಿ. ಪೆಟ್ರೋಲಿನದು 9.50, ಡೀಸೆಲ್ಲಿನದು 10.75 ಆದರಂತೂ ಇನ್ನೂ ಚೆನ್ನಾಯಿತು: ಹತ್ತು ಲಕ್ಷ ದಾಟಿದ ಕೂಡಲೇ ಪೂರ್ತಿ ಬೆಲೆಗೆ ನೂರಕ್ಕೆ 17 ಆಗಿ, 1.25 ಲಕ್ಷದ ವ್ಯತ್ಯಾಸ 1.80 ಲಕ್ಷಕ್ಕೆ ಮುಟ್ಟುತ್ತದೆ. ಶೋರೂಮಿನ ಹುಡುಗ ಇದನ್ನು ಹೇಳುವುದಿಲ್ಲ. ಹೇಳಬೇಕಾದ್ದು ಅವನ ಕೆಲಸವೂ ಅಲ್ಲ ಬಿಡಿ.

ಮೊದಲಿನ ಲೆಕ್ಕಕ್ಕೇ ಬರೋಣ. ಆ ಹೆಚ್ಚಿನ 1.45 ಲಕ್ಷವನ್ನು ನೂರಕ್ಕೆ 10ರ ಬಡ್ಡಿಯಲ್ಲಿ, 60 ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 3,080 ರೂ. ಒಟ್ಟು ಸುಮಾರು 1.85 ಲಕ್ಷ. ಇದು ಡೀಸೆಲ್ಲಿಗೆಂದು ನಾವು ಹೆಚ್ಚಾಗಿ ಕೊಡುವ ಹಣ.

ಈಗ ಉಳಿತಾಯ. ನಮ್ಮ ಏರು ತಗ್ಗಿನ ರಸ್ತೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಹಿಂದೆ ಹೇಳಿದ ದರದಲ್ಲಿ ಪೆಟ್ರೋಲಿಗೆ ಕಿಲೋಮೀಟರಿಗೆ 6 ರೂ. 44 ಪೈಸೆ, ಡೀಸೆಲ್ಲಿಗೆ 4 ರೂ. 55 ಪೈಸೆ. ಉಳಿಯುವುದು 1 ರೂ. 89 ಪೈಸೆ. 3,080 ರೂಪಾಯಿಯನ್ನು ಈ ಉಳಿತಾಯದಿಂದ ಭಾಗಿಸಿ. ತಿಂಗಳಿಗೆ 1,630 ಕಿ.ಮೀ. ಓಡಿಸಿದರೆ ಕಂತಿಗೂ ಉಳಿತಾಯಕ್ಕೂ ಸರಿ ಹೋಯಿತು. ದಿನಕ್ಕೆ 54 ಕಿ.ಮೀ., ತಿಂಗಳ ಮೂವತ್ತೂ ದಿನ. ಅದಕ್ಕಿಂತ ಕಡಿಮೆ ಓಡಿಸುವವರು ಕಂತು ಇರುವಷ್ಟು ಕಾಲ ಕೈಯಿಂದ ಹಾಕುತ್ತಿರುತ್ತಾರೆ. ಸರ್ವಿಸಿನ ಖರ್ಚನ್ನು ನಾವಿಲ್ಲಿ ಸೇರಿಸಿಲ್ಲ, ಅದೂ ಸಾಮಾನ್ಯವಾಗಿ ಡೀಸೆಲ್ಲಿಗೇ ತುಸು ಮೇಲೆ.

ಒಬ್ಬ ಶಿಕ್ಷಕರನ್ನು ತೆಗೆದುಕೊಳ್ಳಿ. ಶಾಲೆ 9 ಕಿ.ಮೀ. ದೂರ. ತಿಂಗಳಿಗೆ 24 ದಿನ ಹೋಗಿ ಬಂದರೆ 432 ಕಿ.ಮೀ. ತಿಂಗಳಿಗೆರಡು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದರೆ ಇನ್ನೊಂದು 240. ಅಲ್ಲಿ ಇಲ್ಲಿ ಸೇರಿ 700 ಎನ್ನಿ. ಉಳಿತಾಯ 1,323 ರೂ., ಹೆಚ್ಚಿನ ಕಂತು 3,080. ಇವರು ಹಾಕಿದ ಹಣ ಹಿಂದಕ್ಕೆ ಬರಲು 11 ವರ್ಷ 8 ತಿಂಗಳು ಬೇಕು. ಅಷ್ಟರೊಳಗೆ ಮಗಳ ಮದುವೆಯೂ ಆಗಿ, ಅಳಿಯ ಬಂದು "ಮಾವ, ಈ ಗಾಡಿ ಕೊಟ್ಟು ಬೇರೆ ತಗೊಳ್ಳಿ" ಎಂದಿರುತ್ತಾನೆ.

ಇನ್ನೊಬ್ಬರು ಬಾಡಿಗೆಗೆ ಓಡಿಸುವವರು. ಮಣಿಪಾಲದ ಆಸ್ಪತ್ರೆ, ಮಂಗಳೂರು ವಿಮಾನ ನಿಲ್ದಾಣ, ಬೆಂಗಳೂರು ಅಂತ ತಿಂಗಳಿಗೆ 3,500 ಕಿ.ಮೀ. ಆಗುತ್ತದೆ. ಇವರ ಉಳಿತಾಯ 6,600 ರೂ.ಗೆ ಮೇಲೆ. ಹೆಚ್ಚಿನ ಕಂತು ಕಟ್ಟಿಯೂ ಮೂರೂವರೆ ಸಾವಿರ ಕೈಯಲ್ಲಿ ನಿಲ್ಲುತ್ತದೆ. ಇಂಥವರು ಪೆಟ್ರೋಲ್ ಕಾರಿಗೆ ಅರ್ಜಿ ಹಾಕಿದರೆ ನಾವೇ ಕರೆದು ಇನ್ನೊಮ್ಮೆ ಯೋಚನೆ ಮಾಡಿ ಅಂತೀವಿ.

ಹಣದ ಲೆಕ್ಕ ಇಷ್ಟು. ಆದರೆ 2020ರ ನಂತರದ ಡೀಸೆಲ್ ಕಾರುಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿದೆ. ನಮ್ಮ ಊರಿನಂಥ ಊರುಗಳಿಗೆ ಹಣಕ್ಕಿಂತ ಅದೇ ಮುಖ್ಯವೆಂದು ನಮ್ಮ ಅಭಿಪ್ರಾಯ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲಾ ಬಿಎಸ್ 6 ಎಂಬ ಹೊಗೆ ನಿಯಮ ಬಂತು. ಬಿಎಸ್ 4ರಿಂದ ನೇರ 6ಕ್ಕೆ ಜಿಗಿದರು, 5 ಬರಲೇ ಇಲ್ಲ. ಡೀಸೆಲ್ಲಿನಲ್ಲಿರುವ ಗಂಧಕದ ಅಂಶವನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಸಿದರು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿತ್ತು, ಆದ್ದರಿಂದ ಈ ನಿಯಮವನ್ನು ಬೇಡ ಎನ್ನುವಂತಿಲ್ಲ. ಇದಕ್ಕೆ ತಗಲುವ ಖರ್ಚು ನೋಡಿ ಮಾರುತಿ ಸುಜುಕಿಯವರು ಡೀಸೆಲ್ ಕಾರು ಮಾಡುವುದನ್ನೇ ಆ ಏಪ್ರಿಲ್‌ನಿಂದ ನಿಲ್ಲಿಸಿದರು. ಬೇರೆ ಕೆಲವು ಕಂಪನಿಗಳು ಮುಂದುವರಿಸಿದವು.

ಈ ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಡಿಪಿಎಫ್ ಅನ್ನುತ್ತಾರೆ. ಜೇನುಹುಟ್ಟಿನ ಹಾಗೆ ಕಣ್ಣು ಕಣ್ಣು, ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತದೆ. ತುಂಬಿದಾಗ ಗಾಡಿಯೇ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಹಾಗೆ ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖ ಬರಬೇಕಾದರೆ ಇಂಜಿನ್ ಚೆನ್ನಾಗಿ ಕಾದು, ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಒಳ್ಳೆ ವೇಗದಲ್ಲಿ ಓಡಬೇಕು. ಹೆದ್ದಾರಿಯಲ್ಲಿ ಓಡುವವರಿಗೆ ಇದು ನಡೆದದ್ದೇ ಗೊತ್ತಾಗುವುದಿಲ್ಲ. ಮನೆಯಿಂದ ಡೇರಿಗೆ, ಡೇರಿಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಓಡಿಸುವವರಿಗೆ ಇಂಜಿನ್ ಕಾಯುವುದರೊಳಗೆ ಮನೆ ಬಂದಿರುತ್ತದೆ. ಮಸಿ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಇಳಿದು ಇಂಜಿನ್ ಆಯಿಲ್ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಆಯಿಲ್ ಕಡ್ಡಿ ತೆಗೆದು ನೋಡಿದಾಗ ಮಟ್ಟ ಇಳಿಯುವ ಬದಲು ಏರಿದ್ದರೆ ಖುಷಿ ಪಡಬೇಡಿ, ಕೂಡಲೇ ವರ್ಕ್‌ಶಾಪಿಗೆ ಹೋಗಿ.

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಇದೇ ಆಯಿತು. ಅವರ ಅನುಮತಿ ಪಡೆದು, ಹೆಸರು ಬಿಟ್ಟು ಹೇಳುತ್ತಿದ್ದೇವೆ. ಡೀಸೆಲ್ ಕಾರು ತಂದರು. ಓಡಾಟವೆಲ್ಲಾ ನಾಲ್ಕು ಕಿ.ಮೀ., ಆರು ಕಿ.ಮೀ. ಆರೇಳು ತಿಂಗಳಲ್ಲಿ ಒಂದು ಹಳದಿ ದೀಪ ಹತ್ತಿತು. ಉರಿಯುತ್ತಾ ಇರಲಿ ಎಂದು ಬಿಟ್ಟರು. ಇನ್ನೊಂದು ತಿಂಗಳಿಗೆ ಗಾಡಿ ಎಳೆಯುವುದೇ ನಿಂತಿತು, ಏರಿನಲ್ಲಿ ಮುದಿ ಎತ್ತಿನ ಹಾಗೆ ನಿಂತುಬಿಡುವುದು. ಟೋಯಿಂಗ್, ಸ್ವಚ್ಛಗೊಳಿಸಿದ್ದು, ಆಯಿಲ್ ಬದಲಿಸಿದ್ದು ಎಲ್ಲಾ ಸೇರಿ ಎರಡು ಕಂತಿಗೆ ಸಮನಾದ ಬಿಲ್ಲು. ಅದು ಕೊಳೆರೋಗದ ವರ್ಷ ಬೇರೆ, ಅಡಿಕೆ ಕೈಗೆ ಹತ್ತಿರಲಿಲ್ಲ. ಕಂತು ನಿಂತಿತು. ಮೂರನೆಯ ತಿಂಗಳು ನಿಯಮದ ಪ್ರಕಾರ ಜಾಮೀನುದಾರರಿಗೆ ನೋಟೀಸು ಹೋಯಿತು. ಜಾಮೀನು ಹಾಕಿದ್ದವರು ಅವರ ಭಾವ, ಅಂದರೆ ಹೆಂಡತಿಯ ಅಣ್ಣ. ಅಂಚೆಯವನು ನೋಟೀಸು ಕೊಟ್ಟ ದಿನ ಅವರ ಮನೆಯಲ್ಲಿ ನೆಂಟರಿದ್ದರಂತೆ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಬಾಕಿ ಅಡಿಕೆ ಮಾರಿದ ಮೇಲೆ ಚುಕ್ತಾ ಆಯಿತು, ಸಂಘಕ್ಕೆ ಒಂದು ರೂಪಾಯಿ ನಷ್ಟವಾಗಲಿಲ್ಲ. ಆದರೆ ಆ ತಾಯಿ ಕೌಂಟರಿನಲ್ಲಿ ನಿಂತು, "ಕಾರಿನ ಹೊಗೆ ಕೊಳವೆಗೂ ನಮ್ಮಣ್ಣ ನಮ್ಮ ಮನೆಗೆ ಬರೋದಕ್ಕೂ ಏನು ಸಂಬಂಧ ಸ್ವಾಮಿ" ಎಂದು ಕೇಳಿದರು. ನಮ್ಮ ಕಾರ್ಯದರ್ಶಿಯವರು ತಲೆ ತಗ್ಗಿಸಿ ರಶೀದಿ ಬರೆದುಕೊಟ್ಟರು.

ಆ ಕಾರು ಈಗಲೂ ಇದೆ. ವಾರಕ್ಕೊಂದು ಸಲ ಅದನ್ನು ಶಿವಮೊಗ್ಗ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬರುತ್ತಾರೆ, ಕಟ್ಟಿದ ದನವನ್ನು ಬಿಟ್ಟು ಮೇಯಿಸಿ ತಂದ ಹಾಗೆ. ಮಸಿ ಸುಡುವುದಕ್ಕೆಂದೇ ಡೀಸೆಲ್ ಸುಡುವುದು! ಈಗಾಗಲೇ ಇಂಥ ಗಾಡಿ ಇಟ್ಟುಕೊಂಡವರು ಹೀಗೆ ಮಾಡುವುದೇ ಸರಿ. ದೀಪ ಹತ್ತಿದ ದಿನವೇ ಒಂದು ಗೇರು ಕೆಳಗಿಟ್ಟು ಖಾಲಿ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿ. ನಾಳೆ ನೋಡೋಣ ಅನ್ನಬೇಡಿ.

ನಮ್ಮ ಮಾತಿಗೆ ನಮ್ಮ ನಿರ್ದೇಶಕರಲ್ಲೇ ಒಬ್ಬರು ಹಿರಿಯರ ವಿರೋಧವಿದೆ, ಅದನ್ನೂ ಹೇಳಬೇಕು. "ನಿಮ್ಮ ಕಾಗದದ ಲೆಕ್ಕ ಬಯಲುಸೀಮೆಗೆ ಸರಿ, ನಮ್ಮದು ಘಟ್ಟ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ನೋಡಿ, ಆಮೇಲೆ ಪೆಟ್ರೋಲ್ ಅನ್ನಿ" ಅಂತಾರೆ ಅವರು. ಮೂವತ್ತು ವರ್ಷ ಜೀಪು ಓಡಿಸಿದವರು, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆ ಹದಿನಾಲ್ಕು ತಿರುವುಗಳಲ್ಲಿ 800, 1000 ಸಿಸಿಯ ಸಣ್ಣ ಪೆಟ್ರೋಲ್ ಕಾರು ಪೂರ್ತಿ ಜನ ಕೂತು ಏಸಿ ಹಾಕಿಕೊಂಡರೆ ಏದುಸಿರು ಬಿಡುವುದು ನಿಜ. ಏಳು ಜನ ಕೂರುವ ದೊಡ್ಡ ಗಾಡಿ, ಬೊಲೆರೊ ಥರದ್ದು, ಕಚ್ಚಾ ರಸ್ತೆಯಲ್ಲಿ ತೋಟಕ್ಕೆ ಇಳಿಯುವಂಥದ್ದು ಬೇಕಿದ್ದವರಿಗೆ ಡೀಸೆಲ್ಲಿನ ಎಳೆತಕ್ಕೆ ಸಾಟಿ ಇಲ್ಲ. ಆದರೆ ಮನೆಮಂದಿ ನಾಲ್ಕು ಜನ ಓಡಾಡುವ ಕಾರಿಗೆ 1200 ಸಿಸಿಯ ಪೆಟ್ರೋಲ್ ಇಂಜಿನ್ನು, ಅಥವಾ ಟರ್ಬೊ ಇರುವ ಸಣ್ಣ ಪೆಟ್ರೋಲ್ ಇಂಜಿನ್ನು ಘಟ್ಟಕ್ಕೆ ಧಾರಾಳ ಸಾಕು. ಎರಡನೇ ಗೇರಿಗೆ ಇಳಿಸಲು ಬೇಸರಪಡಬಾರದು ಅಷ್ಟೆ. ವರ್ಷಕ್ಕೆ ಹತ್ತು ಸಲ ಘಟ್ಟ ಹತ್ತುವುದಕ್ಕೋಸ್ಕರ ಉಳಿದ 355 ದಿನದ ಓಡಾಟಕ್ಕೆ ಒಗ್ಗದ ಇಂಜಿನ್ ತರುವುದು ನಮಗಂತೂ ಸರಿಕಾಣದು. ಈ ವಿಷಯದಲ್ಲಿ ಹಿರಿಯರಿಗೂ ನಮಗೂ ಇನ್ನೂ ರಾಜಿಯಾಗಿಲ್ಲ.

ಪೆಟ್ರೋಲ್ ಎಂದರೆ ಸಮಸ್ಯೆಯೇ ಇಲ್ಲ ಎಂದು ತಿಳಿಯಬಾರದು. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ. ಇ20 ಎಂದು ಇದನ್ನು ಕರೆಯುತ್ತಾರೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟರು. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಗಳಿಂದ ಬರುವ ಎಥೆನಾಲ್ ಇದು, ರೈತರಾದ ನಮಗೆ ಸಂತೋಷದ ವಿಷಯವೇ. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಮೈಲೇಜು ಸ್ವಲ್ಪ ಇಳಿಯುವುದು ಸಹಜ. 2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ಕೊಳ್ಳುವವರು ಅದು ಇ20ಕ್ಕೆ ಹೊಂದುತ್ತದೆಯೇ ಎಂದು ಗಾಡಿಯ ಪುಸ್ತಕದಲ್ಲಿ ನೋಡಬೇಕು. ಹಳೆಯವಕ್ಕೆ ರಬ್ಬರ್ ಪೈಪು, ವಾಷರುಗಳನ್ನು ಬೇಗ ಬದಲಿಸಬೇಕಾಗಬಹುದು. ಎಥೆನಾಲ್ ನೀರನ್ನು ಹೀರುವ ವಸ್ತು. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕನ್ನು ತಳ ಕಾಣುವ ಹಾಗೆ ಬಿಡಬೇಡಿ, ವಾರಕ್ಕೊಮ್ಮೆಯಾದರೂ ಓಡಿಸಿ. ಓಡಿಸದಿದ್ದರೆ ಇಲಿ ವೈರು ಕಡಿಯುತ್ತದೆ, ಅದಕ್ಕೆ ಪೆಟ್ರೋಲ್ ಡೀಸೆಲ್ ಎಂಬ ಭೇದವಿಲ್ಲ. ಮನೆಯಲ್ಲಿ ಎರಡೂ ಥರದ ಗಾಡಿ ಇದ್ದವರು ಬಂಕಿನಲ್ಲಿ ಬಾಯಿಬಿಟ್ಟು ಹೇಳಿ ಹಾಕಿಸಬೇಕು. ಡೀಸೆಲ್ ಗಾಡಿಗೆ ಪೆಟ್ರೋಲ್ ಬಿತ್ತೋ, ಕೀ ತಿರುಗಿಸದೆ ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ. ಸ್ಟಾರ್ಟ್ ಮಾಡಿದರೆ ಪಂಪು, ಇಂಜೆಕ್ಟರುಗಳ ಕತೆ ಮುಗಿಯಿತು.

ಸಿಎನ್‌ಜಿ ಕಾರು ಹೇಗೆ ಅಂತ ಕೆಲವರು ಕೇಳುತ್ತಾರೆ. ದಿನಾ ಓಡುವ ದಾರಿಯಲ್ಲೇ ಅದರ ಬಂಕ್ ಇದ್ದರೆ ನೋಡಬಹುದು, ಇಲ್ಲದಿದ್ದರೆ ಅದರ ಮಾತೇ ಬೇಡ. ಕರೆಂಟಿನ ಕಾರಿನ ವಿಚಾರ ಮಾತಾಡಲು ಬೇರೆಯೇ ಒಂದು ದಿನ ಬೇಕು.

ಹಳೆಯ ಗಾಡಿಗೆ ಸಾಲ ಕೇಳುವವರೇ ನಮ್ಮಲ್ಲಿ ಹೆಚ್ಚು, ಅದರ ಬಗ್ಗೆ ಹೇಳಿ ಮುಗಿಸುತ್ತೇವೆ. ದೆಹಲಿ ಕಡೆಯ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಮಧ್ಯವರ್ತಿಗಳು ಫೋಟೋ ಹಿಡಿದು ಬರುತ್ತಾರೆ. ಅಗ್ಗ ಯಾಕೆಂದರೆ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2025ರಲ್ಲಿ ಸುಪ್ರೀಂ ಕೋರ್ಟೇ ಆ ಬಿಗಿಯನ್ನು ಸಡಿಲಿಸಿತು. ಆ ನಿಯಮ ನಮ್ಮ ರಾಜ್ಯದ್ದಲ್ಲ. ಇಲ್ಲಿ ಸ್ವಂತ ಬಳಕೆಯ ಕಾರು ಪೆಟ್ರೋಲಾಗಲಿ ಡೀಸೆಲಾಗಲಿ 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಆದರೆ ಹೊರರಾಜ್ಯದ ಗಾಡಿಗೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರ್ ಮಾಡಿಸಬೇಕು. ಅದೆಲ್ಲಾ ಆಗಿ ಆರ್‌ಸಿ ಕೈಗೆ ಬಂದ ಮೇಲೆ ಮಾತ್ರ ನಮ್ಮ ಹತ್ತಿರ ಬನ್ನಿ. ಇಲ್ಲಿನ ಹಳೆಯ ಡೀಸೆಲ್ ಕಾರು ಕೊಳ್ಳುವುದಾದರೆ ಅದು ಬಿಎಸ್ 4ರದೋ 6ರದೋ ಎಂದು ಆರ್‌ಸಿಯಲ್ಲಿ ನೋಡಿ. 6ರದಾದರೆ ಹಿಂದಿನ ಮಾಲೀಕರು ಅದನ್ನು ಎಲ್ಲಿ, ಎಷ್ಟೆಷ್ಟು ದೂರ ಓಡಿಸುತ್ತಿದ್ದರು ಎಂದು ವಿಚಾರಿಸಿ. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದ್ದರೆ ಒಳ್ಳೆಯ ಗಾಡಿ ಎಂಬ ಮಾತು ಈ ಡೀಸೆಲ್ ಕಾರುಗಳಿಗೆ ಪೂರ್ತಿ ಒಪ್ಪುವುದಿಲ್ಲ. ಐದು ವರ್ಷದಲ್ಲಿ 20 ಸಾವಿರ ಕಿ.ಮೀ. ಪೇಟೆಯೊಳಗೇ ಓಡಿದ್ದಕ್ಕಿಂತ 80 ಸಾವಿರ ಹೆದ್ದಾರಿಯಲ್ಲಿ ಓಡಿದ್ದೇ ಎಷ್ಟೋ ವಾಸಿ. ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ರಾತ್ರಿಯೆಲ್ಲಾ ನಿಂತು ತಣ್ಣಗಾದ ಇಂಜಿನ್ನನ್ನು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿಸಿ ಕೇಳಿ. ಮಾಲೀಕರು ಮೊದಲೇ ಕಾಯಿಸಿ ಇಟ್ಟಿದ್ದರೆ ಇನ್ನೊಂದು ದಿನ ಹೋಗಿ.

ವಾಹನ ಸಾಲದ ಅರ್ಜಿಯ ಜೊತೆ ಮೂರು ತಿಂಗಳ ಓಡಾಟದ ಚೀಟಿಯೊಂದನ್ನು ಲಗತ್ತಿಸಬೇಕೆಂದು ನಮ್ಮ ಉಪಸಮಿತಿ ಆಡಳಿತ ಮಂಡಳಿಯನ್ನು ಕೇಳಿಕೊಂಡಿದೆ. ಈಗ ಬೈಕಿನಲ್ಲಿ, ಬಾಡಿಗೆ ಆಟೋದಲ್ಲಿ, ಬಸ್ಸಿನಲ್ಲಿ ಎಲ್ಲೆಲ್ಲಿಗೆ ಎಷ್ಟು ಸಲ ಹೋಗುತ್ತೀರೋ ಅಷ್ಟನ್ನು ಬರೆದರೆ ಸಾಕು. ಫಾರಂ ಕೌಂಟರಿನಲ್ಲಿದೆ, ಅದಕ್ಕೆ ಶುಲ್ಕವಿಲ್ಲ. ಬರೆಯಲು ಬಾರದವರಿಗೆ ನಮ್ಮ ಸಿಬ್ಬಂದಿಯವರೇ ಬರೆದುಕೊಡುತ್ತಾರೆ. ಜಾಮೀನು ಹಾಕುವವರೂ ಆ ಚೀಟಿಯನ್ನು ಓದಿದ ಮೇಲೆಯೇ ಸಹಿ ಹಾಕಲಿ ಎಂದು ಅದರ ಕೆಳಗೆ ಅವರಿಗೂ ಒಂದು ಜಾಗ ಬಿಡಿಸಿದ್ದೇವೆ.